ಮುಟ್ಟಿಗೆ ಕಾಯದ ಫಲವತ್ತತೆ

ಗರ್ಭಪಾತವಾದ ಮೇಲೆ ಹೆಂಗಸಿನ ಶರೀರ ಮತ್ತೆ ಬಸಿರಿಗೆ ಅಣಿಯಾಗಲು ಎಷ್ಟು ದಿನ ಬೇಕು? ಈ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. ಕೇಳಿದರೂ ಸಿಗುವ ಉತ್ತರಗಳು ಸಾಮಾನ್ಯವಾಗಿ ಎರಡೇ. ಮತ್ತೆ ಮುಟ್ಟಾಗುವವರೆಗೆ ಭಯವಿಲ್ಲ ಎಂಬುದು ಒಂದು. ಒಮ್ಮೆ ತೆಗೆಸಿಕೊಂಡವಳಿಗೆ ಮುಂದೆ ಗರ್ಭ ನಿಲ್ಲುವುದೇ ಕಷ್ಟ ಎಂಬುದು ಇನ್ನೊಂದು. ಮೊದಲನೆಯದು ಸಮಾಧಾನ ಹೇಳುತ್ತದೆ, ಎರಡನೆಯದು ಹೆದರಿಸುತ್ತದೆ. ಆದರೆ ಎರಡರ ಫಲವೂ ಒಂದೇ: ಹೆಂಗಸು ಮುನ್ನೆಚ್ಚರಿಕೆ ಇಲ್ಲದೆ ಉಳಿಯುತ್ತಾಳೆ. ಭಯವಿಲ್ಲ ಎಂದುಕೊಂಡವಳಿಗೆ ಗರ್ಭನಿರೋಧಕದ ಅಗತ್ಯವೇ ಕಾಣುವುದಿಲ್ಲ. ಬಂಜೆಯಾದೆನೇನೋ ಎಂದು ಹೆದರಿದವಳಿಗೆ ಅದರ ಹೆಸರೆತ್ತಲೂ ಮನಸ್ಸು ಬಾರದು.

ವೈದ್ಯಶಾಸ್ತ್ರ ಹೇಳುವುದು ಈ ಎರಡಕ್ಕೂ ವಿರುದ್ಧವಾದ ಮಾತು. ಮಾತ್ರೆಗಳ ಮೂಲಕ ಸರಿಯಾಗಿ ನಡೆದ ಗರ್ಭಪಾತದಿಂದ ಫಲವತ್ತತೆ ಕುಂದುವುದಿಲ್ಲ. ಅಷ್ಟೇ ಅಲ್ಲ, ಅದು ಕೆಲವೇ ದಿನಗಳಲ್ಲಿ, ಮೊದಲ ಮುಟ್ಟು ಕಾಣಿಸಿಕೊಳ್ಳುವ ಮುಂಚೆಯೇ ಮರಳಿ ಬರಬಲ್ಲದು. ಇಷ್ಟು ಸರಳವಾದ ಸಂಗತಿ ನಮ್ಮ ಹೆಂಗಸರಿಗೆ ಏಕೆ ತಲುಪಿಲ್ಲ ಎಂಬುದನ್ನು ತಿಳಿಯಬೇಕಾದರೆ ಶರೀರದ ಕ್ರಮದ ಜೊತೆಗೆ ನಮ್ಮ ನಾಡಿನ ಕುಟುಂಬ ಯೋಜನೆಯ ಚರಿತ್ರೆಯನ್ನೂ ಸ್ವಲ್ಪ ನೋಡಬೇಕಾಗುತ್ತದೆ.

ಅಂಗಡಿಗೆ ಬಂದ ಔಷಧ

ಬೆಂಗಳೂರಿನ ಪೂರ್ವಕ್ಕಿರುವ ಕಮ್ಮನಹಳ್ಳಿಯನ್ನೇ ತೆಗೆದುಕೊಳ್ಳಿ. ಒಂದು ಕಾಲಕ್ಕೆ ದಂಡಿನ ಆಚೆಗಿದ್ದ ಹಳ್ಳಿ ಇದು. ಹೆಣ್ಣೂರು ರಸ್ತೆ, ಬಾಣಸವಾಡಿ ರಸ್ತೆಗಳ ನಡುವೆ ಬಡಾವಣೆಗಳು ಬೆಳೆದಂತೆ ಊರಿನ ಚಹರೆಯೇ ಬದಲಾಯಿತು. ಕನ್ನಡ, ತಮಿಳು, ತೆಲುಗು, ಮಲಯಾಳ ಮಾತಿನ ಸಂಸಾರಗಳ ಪಕ್ಕದಲ್ಲಿ ಈಶಾನ್ಯ ರಾಜ್ಯಗಳಿಂದ ಕೆಲಸಕ್ಕೆ ಬಂದವರಿದ್ದಾರೆ. ಆಫ್ರಿಕಾದ ದೇಶಗಳಿಂದ ಓದಲು ಬಂದವರಿದ್ದಾರೆ. ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಬಂದು ಪಿಜಿಗಳಲ್ಲಿ ಇರುವ ಹುಡುಗಿಯರಿದ್ದಾರೆ. ಹೆರಿಗೆ, ಬಾಣಂತನ, ಮೈ ಇಳಿದುಹೋದದ್ದು ಇವನ್ನೆಲ್ಲ ಹಿಂದೆ ತವರು ನೋಡಿಕೊಳ್ಳುತ್ತಿತ್ತು. ಅಲ್ಲಿ ಸಿಗುತ್ತಿದ್ದ ಸಲಹೆಯಲ್ಲಿ ತಪ್ಪುಗಳಿದ್ದವು ನಿಜ, ಆದರೆ ಕೇಳಲು ಒಬ್ಬ ಅಜ್ಜಿಯೋ ಅತ್ತಿಗೆಯೋ ಇರುತ್ತಿದ್ದಳು. ತವರಿನಿಂದ ದೂರವಿರುವವಳಿಗೆ ದಿನ ತಪ್ಪಿದಾಗ ಹತ್ತಿರದಲ್ಲಿ ಕಾಣುವುದು ಮೆಡಿಕಲ್ ಸ್ಟೋರು.

ಇದು ಒಂದು ಬಡಾವಣೆಯ ಮಾತಲ್ಲ. 2015ರಲ್ಲಿ ಭಾರತದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಾದವೆಂದು ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತ್ತು. ಅವುಗಳಲ್ಲಿ ಶೇಕಡಾ 73ರಷ್ಟು ಆಸ್ಪತ್ರೆಯ ಹೊರಗೆ ಮಾತ್ರೆಗಳಿಂದಲೇ ಆದವು. ಎಂದರೆ, ನಾಲ್ವರಲ್ಲಿ ಸುಮಾರು ಮೂವರು ಹೆಂಗಸರು ಆಸ್ಪತ್ರೆಯ ಮೆಟ್ಟಿಲು ಹತ್ತದೆಯೇ ಈ ಘಟ್ಟವನ್ನು ದಾಟಿದ್ದಾರೆ.

ಈ ಮಾತ್ರೆಗಳು ಎರಡು ಬಗೆಯವು. ಮೊದಲನೆಯದು ಮಿಫೆಪ್ರಿಸ್ಟೋನ್. 1980ರಲ್ಲಿ ಫ್ರಾನ್ಸಿನ ರೂಸೆಲ್ ಉಕ್ಲಾಫ್ ಕಂಪನಿಯ ಪ್ರಯೋಗಾಲಯದಲ್ಲಿ ಇದು ಸಿದ್ಧವಾಯಿತು. ಇದರ ಬಳಕೆಯನ್ನು ರೂಪಿಸಿದವರಲ್ಲಿ ಪ್ರಮುಖರು ವಿಜ್ಞಾನಿ ಎತಿಯೆನ್ ಬೊಲಿಯು. ಎರಡನೆಯದು ಮಿಸೊಪ್ರೊಸ್ಟಾಲ್. ಇದು ಮೊದಲು ಬಂದದ್ದು ಹೊಟ್ಟೆಹುಣ್ಣಿನ ಔಷಧವಾಗಿ. ಗರ್ಭಿಣಿಯರು ಇದನ್ನು ತೆಗೆದುಕೊಳ್ಳಬಾರದೆಂಬ ಎಚ್ಚರಿಕೆಯಿಂದಲೇ ಇದರ ಇನ್ನೊಂದು ಗುಣವನ್ನು 1980ರ ದಶಕದಲ್ಲಿ ಬ್ರೆಜಿಲ್ ದೇಶದ ಹೆಂಗಸರು ಕಂಡುಕೊಂಡರು ಎನ್ನುವುದು ವೈದ್ಯಕೀಯ ಚರಿತ್ರೆಯ ಒಂದು ಸ್ವಾರಸ್ಯಕರ ಅಧ್ಯಾಯ. ಭಾರತದಲ್ಲಿ ಮಿಫೆಪ್ರಿಸ್ಟೋನ್‌ಗೆ 2002ರಲ್ಲಿ ಒಪ್ಪಿಗೆ ದೊರೆಯಿತು. ಎರಡೂ ಸೇರಿದ ಒಂದೇ ಪ್ಯಾಕು 2008ರಲ್ಲಿ ಬಂತು. ಅದರ ಬಳಕೆಯ ಮಿತಿ ಒಂಬತ್ತು ವಾರ, ಅದೂ ವೈದ್ಯರ ಚೀಟಿಯ ಮೇಲೆ.

ಶರೀರದ ಲೆಕ್ಕ

ಬಸಿರು ನಿಲ್ಲಲು ಮತ್ತು ಬೆಳೆಯಲು ಬೇಕಾದ ಮುಖ್ಯ ಹಾರ್ಮೋನು ಪ್ರೊಜೆಸ್ಟರೋನ್. ಮಿಫೆಪ್ರಿಸ್ಟೋನ್ ಅದರ ಕೆಲಸವನ್ನು ತಡೆಯುತ್ತದೆ. ಒಂದೆರಡು ದಿನ ಬಿಟ್ಟು ತೆಗೆದುಕೊಳ್ಳುವ ಮಿಸೊಪ್ರೊಸ್ಟಾಲ್ ಗರ್ಭಕೋಶವನ್ನು ಸಂಕುಚಿಸಿ ಒಳಗಿನದನ್ನು ಹೊರಹಾಕುತ್ತದೆ. ನೋವು, ರಕ್ತಸ್ರಾವ ಆಗುವುದು ಈ ಹಂತದಲ್ಲಿ. ಸಾಮಾನ್ಯವಾಗಿ ಎರಡು ವಾರದೊಳಗೆ ಸ್ರಾವ ತಗ್ಗುತ್ತದೆ.

ಇಷ್ಟು ನಡೆಯುವಾಗ ಅಂಡಾಶಯದಲ್ಲಿ ಏನಾಗುತ್ತದೆ? ಬಸಿರು ಇರುವಷ್ಟು ಕಾಲ ಅದರ ಹಾರ್ಮೋನುಗಳು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ಹದ್ದಿನಲ್ಲಿಟ್ಟಿರುತ್ತವೆ. ಹೊಸ ಅಂಡಾಣು ಬಲಿಯದಂತೆ ತಡೆಯುವುದು ಈ ಹತೋಟಿಯೇ. ಬಸಿರು ಹೋದೊಡನೆ ಹತೋಟಿ ಸಡಿಲವಾಗುತ್ತದೆ. ಗ್ರಂಥಿ ತನ್ನ ಸಂಕೇತಗಳನ್ನು ಮತ್ತೆ ಕಳಿಸತೊಡಗುತ್ತದೆ, ಅಂಡಾಶಯದಲ್ಲಿ ಹೊಸ ಅಂಡಾಣು ಬಲಿಯುತ್ತದೆ. ಹೆರಿಗೆಯ ನಂತರ ಹಾಲೂಡಿಸುವ ತಾಯಿಯಲ್ಲಿ ಈ ಕ್ರಿಯೆ ಕೆಲವು ತಿಂಗಳು ತಡವಾಗಬಹುದು, ಏಕೆಂದರೆ ಮಗು ಹಾಲು ಚೀಪುವುದೇ ಒಂದು ತಡೆ. ಮೊದಲ ತಿಂಗಳುಗಳ ಗರ್ಭಪಾತದ ನಂತರ ಅಂಥ ತಡೆ ಯಾವುದೂ ಇರುವುದಿಲ್ಲ. ಬಾಣಂತಿಗೆ ಬೇಗ ಗರ್ಭ ನಿಲ್ಲದು ಎಂಬ ಮನೆಮಾತನ್ನು ಗರ್ಭಪಾತಕ್ಕೂ ಎಳೆದು ತಂದದ್ದರಿಂದಲೇ ಬಹುಶಃ ಈ ಗೊಂದಲ ಹುಟ್ಟಿರಬೇಕು.

ಮಾತ್ರೆಗಳ ಗರ್ಭಪಾತದ ನಂತರ ಅಂಡಾಣು ಬಿಡುಗಡೆಯಾಗಲು ಸರಾಸರಿ ಮೂರು ವಾರ ಸಾಕು. ಕೆಲವರಲ್ಲಿ ಎಂಟನೇ ದಿನಕ್ಕೇ ಆಗಿರುವುದು ಅಧ್ಯಯನಗಳಲ್ಲಿ ದಾಖಲಾಗಿದೆ. ಗಂಡಿನ ವೀರ್ಯಾಣು ಹೆಣ್ಣಿನ ಶರೀರದಲ್ಲಿ ಐದು ದಿನಗಳವರೆಗೂ ಜೀವದಿಂದಿರಬಲ್ಲದು. ಇವೆರಡನ್ನೂ ಕೂಡಿಸಿ ನೋಡಿದರೆ, ಗರ್ಭಪಾತದ ಮೊದಲ ವಾರದ ಒಂದು ಸಂಪರ್ಕವೂ ಮತ್ತೊಂದು ಬಸಿರಿಗೆ ಕಾರಣವಾಗಬಹುದು ಎಂದಾಯಿತು.

ಮುಟ್ಟು ಇಲ್ಲಿ ಕಾವಲುಗಾರನಲ್ಲ. ಅಂಡಾಣು ಬಿಡುಗಡೆಯಾಗಿ, ಗರ್ಭ ಕಟ್ಟದೆ ಹೋದರೆ ಸುಮಾರು ಎರಡು ವಾರದ ಮೇಲೆ ಬರುವುದು ಮುಟ್ಟು. ಅದು ಮೈ ಫಲವತ್ತಾಗಿತ್ತು ಎಂದು ತಡವಾಗಿ ಬರುವ ಸುದ್ದಿ. ಸುದ್ದಿ ಬಂದ ಮೇಲೆ ಎಚ್ಚರವಾಗುತ್ತೇನೆ ಎಂದು ಕಾಯುವವಳಿಗೆ ಮೊದಲ ಸುತ್ತು ಆಗಲೇ ಕಳೆದಿರುತ್ತದೆ.

ಇನ್ನೂ ಒಂದು ತೊಡಕಿದೆ. ಬಸಿರನ್ನು ಪತ್ತೆ ಮಾಡುವ ಮೂತ್ರಪರೀಕ್ಷೆ ನೋಡುವುದು ಎಚ್‌ಸಿಜಿ ಎಂಬ ಹಾರ್ಮೋನನ್ನು. ಅದು ಗರ್ಭಪಾತದ ನಂತರವೂ ಕೆಲವು ವಾರ ಶರೀರದಲ್ಲಿ ಉಳಿಯುವುದರಿಂದ ಪರೀಕ್ಷೆ ಎರಡು ಗೆರೆಗಳನ್ನೇ ತೋರಿಸುತ್ತಿರಬಹುದು. ಅದು ಹಳೆಯ ಬಸಿರಿನ ಉಳಿಕೆಯೋ, ಗರ್ಭಪಾತ ಪೂರ್ತಿಯಾಗದಿರುವ ಲಕ್ಷಣವೋ, ಹೊಸ ಬಸಿರೋ ಎಂಬುದನ್ನು ಮನೆಯಲ್ಲಿ ಕುಳಿತು ಹೇಳಲಾಗದು. ಹದಿನೈದನೇ ದಿನದ ಸುಮಾರಿಗೆ ಒಮ್ಮೆ ವೈದ್ಯರಿಗೆ ತೋರಿಸಬೇಕೆನ್ನುವುದು ಇದಕ್ಕಾಗಿ.

ಮಣಿಸರದ ಪಾಠ

ದಿನಗಳ ಲೆಕ್ಕವನ್ನೇ ನಂಬಿದ ಒಂದು ದೊಡ್ಡ ಪ್ರಯೋಗ ನಮ್ಮ ರಾಜ್ಯದಲ್ಲೇ ನಡೆದಿತ್ತು. ಅದಕ್ಕೂ ಹಿಂದಿನ ಕಥೆ ಇನ್ನಷ್ಟು ಹೆಮ್ಮೆಯದು. ಬೊಂಬಾಯಿಯಲ್ಲಿ ಆರ್.ಡಿ. ಕರ್ವೆ ಸಂತಾನ ನಿಯಂತ್ರಣದ ಮಾತಾಡಿದ್ದಕ್ಕೆ ಪ್ರಾಧ್ಯಾಪಕ ವೃತ್ತಿಯನ್ನು ಕಳೆದುಕೊಂಡಿದ್ದ ಕಾಲವದು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸರ್ಕಾರ 1930ರ ಜೂನ್ 11ರಂದು ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೊಂದು ಇಂಥ ಚಿಕಿತ್ಸಾಲಯ ತೆರೆದದ್ದು ಜಗತ್ತಿನಲ್ಲಿ ಅದೇ ಮೊದಲು ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಆದರೆ ಬೆಂಗಳೂರು ಆಗ ಎರಡು ಆಡಳಿತಗಳ ಊರು. ಪೇಟೆ ಮೈಸೂರಿನದು, ದಂಡು ಬ್ರಿಟಿಷರದು. ಇಂದಿನ ಶಿವಾಜಿನಗರ, ಹಲಸೂರುಗಳು ದಂಡಿಗೆ ಸೇರಿದ್ದವು. 1947ರಲ್ಲಿ ದಂಡು ಮೈಸೂರಿಗೆ ಮರಳುವವರೆಗೆ ಮಹಾರಾಜರ ಸರ್ಕಾರದ ಆದೇಶಕ್ಕೆ ಅಲ್ಲಿ ಅಧಿಕಾರವಿರಲಿಲ್ಲ.

ಸ್ವಾತಂತ್ರ್ಯದ ನಂತರ ಕೇಂದ್ರದ ಆರೋಗ್ಯ ಮಂತ್ರಿಯಾದ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಅನುಯಾಯಿ. ಸಾಧನಗಳ ಬದಲು ಸಂಯಮವನ್ನು ನಂಬಿದವರು. ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ 1951ರಲ್ಲಿ ಅಮೆರಿಕದ ಡಾ. ಏಬ್ರಹಾಂ ಸ್ಟೋನ್ ಬಂದರು. ತಿಂಗಳ ಕೆಲವು ದಿನಗಳನ್ನು ಬಿಟ್ಟು ಸಂಸಾರ ಮಾಡುವ ‘ಸುರಕ್ಷಿತ ಕಾಲ’ದ ವಿಧಾನವನ್ನು ಪರೀಕ್ಷಿಸಲು ದೇಶದಲ್ಲಿ ಎರಡು ಸ್ಥಳಗಳನ್ನು ಆರಿಸಲಾಯಿತು. ಒಂದು ದೆಹಲಿಯ ಲೋದಿ ಕಾಲೊನಿ. ಇನ್ನೊಂದು ನಮ್ಮ ರಾಮನಗರ. ಲೆಕ್ಕ ತಪ್ಪದಿರಲೆಂದು ಹೆಂಗಸರಿಗೆ ಮಣಿಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸುವುದು; ಹಸಿರು ಮಣಿಯಾದರೆ ಸುರಕ್ಷಿತ, ಕೆಂಪಾದರೆ ಅಪಾಯ.

ಪ್ರಯೋಗ ನಿರೀಕ್ಷಿಸಿದ ಫಲ ಕೊಡಲಿಲ್ಲ. ಮಣಿಗಳ ಕ್ರಮ ಒಂದೇ, ಮೈಗಳ ಕ್ರಮ ಬೇರೆ ಬೇರೆ. ಮುಟ್ಟು ಪ್ರತಿ ತಿಂಗಳೂ ಒಂದೇ ದಿನಕ್ಕೆ ಬರುವುದಿಲ್ಲ, ಲೆಕ್ಕವಿಟ್ಟುಕೊಂಡು ಗಂಡನನ್ನು ತಡೆಯುವ ಅಧಿಕಾರ ಎಲ್ಲ ಹೆಂಡತಿಯರಿಗೂ ಇರುವುದಿಲ್ಲ. ಸಾಮಾನ್ಯ ತಿಂಗಳುಗಳಲ್ಲೇ ಹೀಗಾದರೆ ಗರ್ಭಪಾತದ ನಂತರದ ತಿಂಗಳಲ್ಲಿ ಆ ಸರವನ್ನು ಯಾವ ಮಣಿಯಿಂದ ಆರಂಭಿಸುವುದು? ಎಣಿಕೆಗೆ ಬೇಕಾದ ಮೊದಲ ದಿನ, ಅಂದರೆ ಹಿಂದಿನ ಮುಟ್ಟಿನ ದಿನವೇ ಇಲ್ಲಿಲ್ಲ. ಇಂದು ಮೊಬೈಲಿನಲ್ಲಿ ಮುಟ್ಟಿನ ದಿನಗಳನ್ನು ಗುರುತು ಹಾಕಿಕೊಳ್ಳುವ ಹುಡುಗಿಯರೂ ಈ ಒಂದು ವಿಷಯದಲ್ಲಿ ರಾಮನಗರದ ಹೆಂಗಸರ ಸ್ಥಿತಿಯಲ್ಲೇ ಇದ್ದಾರೆ. ಕ್ರಮಬದ್ಧ ಮುಟ್ಟು ಮರಳುವವರೆಗೆ ಯಾವ ಎಣಿಕೆಯನ್ನೂ ನಂಬುವಂತಿಲ್ಲ.

ಬಂಜೆತನದ ಭಯ

ಇನ್ನು ಎರಡನೆಯ ನಂಬಿಕೆ. ಅದು ಸಂಪೂರ್ಣವಾಗಿ ಗಾಳಿಮಾತಲ್ಲ, ಅದಕ್ಕೊಂದು ಹಿನ್ನೆಲೆಯಿದೆ. 1860ರ ದಂಡ ಸಂಹಿತೆ ಗರ್ಭಪಾತವನ್ನು ಅಪರಾಧವಾಗಿಸಿತ್ತು. ಹೀಗಾಗಿ ಶತಮಾನಕ್ಕೂ ಹೆಚ್ಚು ಕಾಲ ಅದು ಕತ್ತಲಿನಲ್ಲಿ ನಡೆಯುವ ಕೆಲಸವಾಯಿತು. ಕಡ್ಡಿ, ಬೇರು, ಶುಚಿಯಿಲ್ಲದ ಕೈ ಇವುಗಳಿಂದ ನಂಜಾಗಿ ಸತ್ತವರು ಅನೇಕರು. ಬದುಕಿದವರಲ್ಲಿ ಕೆಲವರ ಗರ್ಭನಾಳ ಮುಚ್ಚಿಹೋಗಿ ಮಕ್ಕಳಾಗದೆ ಉಳಿದರು. ಈ ಕಹಿ ಅನುಭವವೇ ಅಜ್ಜಿಯರ ಬಾಯಲ್ಲಿ ಎಚ್ಚರಿಕೆಯಾಗಿ ನಿಂತಿತು. ಆದರೆ ಅಲ್ಲಿ ಕೆಡುಕು ಮಾಡಿದ್ದು ನಂಜು.

ಮಾತ್ರೆಯ ವಿಧಾನದಲ್ಲಿ ಗರ್ಭಕೋಶದೊಳಗೆ ಯಾವ ಸಲಕರಣೆಯೂ ಹೋಗುವುದಿಲ್ಲ. ಮುಂದಿನ ಬಸಿರಿನ ಮೇಲೆ ಇದರ ಪರಿಣಾಮವನ್ನು ಡೆನ್ಮಾರ್ಕ್ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಪರಿಶೀಲಿಸಲಾಗಿದೆ. ಹಿಂದೆ ಗರ್ಭಪಾತವಾಗಿದ್ದ ಹೆಂಗಸರ ಸುಮಾರು 11,800 ಬಸಿರುಗಳ ದಾಖಲೆಗಳನ್ನು ನೋಡಿ 2007ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ, ಮಾತ್ರೆಯಿಂದಾದವರಿಗೆ ಶಸ್ತ್ರಕ್ರಿಯೆಯಿಂದಾದವರಿಗಿಂತ ಹೆಚ್ಚಿನ ಅಪಾಯ ಕಾಣಲಿಲ್ಲ. ಗರ್ಭಸ್ರಾವ, ಗರ್ಭನಾಳದಲ್ಲಿ ಬಸಿರು ನಿಲ್ಲುವುದು, ದಿನ ತುಂಬದ ಹೆರಿಗೆ, ಕಡಿಮೆ ತೂಕದ ಮಗು, ಈ ನಾಲ್ಕರಲ್ಲೂ ಹಾಗೆಯೇ.

ಹಾಗೆಂದು ನಿರ್ಲಕ್ಷ್ಯ ಸಲ್ಲದು. ಗಂಟೆಗೆ ಎರಡು ಪ್ಯಾಡುಗಳಂತೆ ಸತತ ಎರಡು ಗಂಟೆ ತೊಯ್ದರೆ, ಒಂದು ದಿನ ದಾಟಿಯೂ ಜ್ವರ ಬಿಡದಿದ್ದರೆ, ದುರ್ವಾಸನೆಯ ಸ್ರಾವವಿದ್ದರೆ ಅಥವಾ ಮಾತ್ರೆ ತೆಗೆದುಕೊಂಡರೂ ಸ್ರಾವವೇ ಆಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆಯಿರುವ ಮೈಗೆ ಮೂರು ತಿಂಗಳಲ್ಲಿ ಎರಡು ಬಸಿರು, ಎರಡು ಸ್ರಾವ ಎಂದರೆ ಅದು ಸಣ್ಣ ಹೊರೆಯಲ್ಲ.

ಮಗು ಬೇಕೆನ್ನುವವರಿಗೂ ಒಂದು ಮಾತು. ಗರ್ಭಪಾತದ ನಂತರ ಆರು ತಿಂಗಳಾದರೂ ಅಂತರವಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಕರೆದ ತಜ್ಞರ ಸಭೆ ಸಲಹೆ ಮಾಡಿತು. ಗರ್ಭನಿರೋಧಕ ಎನ್ನುವುದು ಮಕ್ಕಳು ಬೇಡವೆಂದವರಿಗೆ ಮಾತ್ರ ಅಲ್ಲ, ಯಾವಾಗ ಬೇಕೆಂದು ತೀರ್ಮಾನಿಸುವವರಿಗೂ ಸೇರಿದ್ದು.

ಷರತ್ತಿನ ನೆರಳು

ಹಾಗಾದರೆ ಈ ಸಲಹೆ ಪಡೆಯಲು ಹೆಂಗಸರು ಆಸ್ಪತ್ರೆಗೆ ಏಕೆ ಹೋಗುವುದಿಲ್ಲ? ನಾಚಿಕೆ, ಖರ್ಚು, ದಿನಗೂಲಿ ತಪ್ಪುವ ಚಿಂತೆ ಇವೆಲ್ಲ ಇವೆ. ಅವುಗಳ ಜೊತೆಗೆ ಚರಿತ್ರೆಯ ಒಂದು ನೆರಳೂ ಇದೆ.

1971ರಲ್ಲಿ ಸಂಸತ್ತು ಅಂಗೀಕರಿಸಿದ ವೈದ್ಯಕೀಯ ಗರ್ಭಪಾತ ಕಾಯ್ದೆ 1972ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಗರ್ಭನಿರೋಧಕ ವಿಫಲವಾದದ್ದರಿಂದ ನಿಂತ ಬಸಿರನ್ನು ತೆಗೆಸಲು ಅದು ಅವಕಾಶ ಕೊಟ್ಟಿತು. ಅಂದರೆ ಕಾನೂನಿನ ಕಣ್ಣಿನಲ್ಲಿ ಗರ್ಭಪಾತ ಮತ್ತು ಗರ್ಭನಿರೋಧಕ ಮೊದಲಿನಿಂದಲೂ ಒಂದಕ್ಕೊಂದು ನಂಟು. ಆದರೆ ಅದು ಗುರಿಗಳ ಕಾಲ. ಕೆಂಪು ತ್ರಿಕೋನದ ಫಲಕಗಳು ಊರೂರಿಗೆ ಬಂದಿದ್ದವು. ಇಷ್ಟು ‘ಆಪರೇಷನ್’, ಇಷ್ಟು ವಂಕಿ ಎಂದು ಸಿಬ್ಬಂದಿಗೆ ಲೆಕ್ಕ ಕೊಡಬೇಕಾಗಿತ್ತು. ಸಲಹೆಯಾಗಬೇಕಾದದ್ದು ಅನೇಕ ಕಡೆ ಷರತ್ತಾಯಿತು. ಗರ್ಭ ತೆಗೆಸಲು ಬಂದವಳು ಆಪರೇಷನ್ನಿಗೋ ವಂಕಿಗೋ ಒಪ್ಪಿದರೆ ಮಾತ್ರ ಕೆಲಸ ಎಂಬ ಪದ್ಧತಿ ದೇಶದ ಹಲವು ಸರ್ಕಾರಿ ಆಸ್ಪತ್ರೆಗಳಲ್ಲಿ ಇದ್ದುದನ್ನು ಸಂಶೋಧಕರು ದಾಖಲಿಸಿದ್ದಾರೆ. ಕಾಯ್ದೆಯಲ್ಲಿ ಇಂಥ ಷರತ್ತಿಗೆ ಎಲ್ಲಿಯೂ ಜಾಗವಿಲ್ಲ. 1975–77ರ ತುರ್ತು ಪರಿಸ್ಥಿತಿಯ ಬಲವಂತದ ಶಸ್ತ್ರಕ್ರಿಯೆಗಳಂತೂ ಕುಟುಂಬ ಯೋಜನೆ ಎಂಬ ಪದಕ್ಕೇ ಮಸಿ ಬಳಿದವು.

ಇದರ ಗುರುತು ಇಂದಿನ ಅಂಕಿಗಳಲ್ಲೂ ಉಳಿದಿದೆ. ಅದೇ 2019–21ರ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಶೇಕಡಾ 57ರಷ್ಟು ಮಂದಿ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಿಕೊಂಡವರು. ಉಳಿದ ಆಧುನಿಕ ವಿಧಾನಗಳೆಲ್ಲ ಸೇರಿದರೂ ಶೇಕಡಾ 11ರ ಆಸುಪಾಸು. ಗಂಡಸರ ಶಸ್ತ್ರಕ್ರಿಯೆ ಸೊನ್ನೆಗೆ ಹತ್ತಿರ. ಇನ್ನು ಮಕ್ಕಳು ಸಾಕು ಎಂದವಳಿಗೆ ನಮ್ಮ ವ್ಯವಸ್ಥೆ ಒಂದು ದಾರಿ ತೋರಿಸಿದೆ. ಸದ್ಯಕ್ಕೆ ಬೇಡ ಎಂದವಳ ಕಡೆ ಅಷ್ಟಾಗಿ ನೋಡಿಲ್ಲ. ಗರ್ಭಪಾತಕ್ಕೆ ಬರುವ ಎಳೆಯ ವಯಸ್ಸಿನವರಲ್ಲಿ ಬಹಳ ಮಂದಿ ಈ ಎರಡನೆಯ ಗುಂಪಿನವರು. ಷರತ್ತಿಗೆ ಹೆದರಿ ದೂರ ನಿಂತವರಿಗೆ ಔಷಧ ಅಂಗಡಿಯಲ್ಲಿ ಸಿಕ್ಕಿತು, ಅದರ ಜೊತೆಗೆ ಸಿಗಬೇಕಾಗಿದ್ದ ತಿಳಿವಳಿಕೆ ಆಸ್ಪತ್ರೆಯಲ್ಲೇ ಉಳಿಯಿತು.

ಯಾವುದು, ಯಾವಾಗ?

ತಿಳಿವಳಿಕೆಯ ಸಾರ ಇಷ್ಟು: ಹೆಚ್ಚಿನ ಗರ್ಭನಿರೋಧಕಗಳನ್ನು ಗರ್ಭಪಾತದ ದಿನಗಳಲ್ಲೇ ಆರಂಭಿಸಬಹುದು.

ನಿರೋಧ್ ಅನ್ನು ಮೊದಲ ಸಂಪರ್ಕದಿಂದಲೇ ಬಳಸಬಹುದು. ಲೈಂಗಿಕ ರೋಗಗಳಿಂದ ಕಾಪಾಡುವುದು ಇದೊಂದೇ. ಮಾಲಾ-ಎನ್‌ನಂಥ ನುಂಗುವ ಮಾತ್ರೆಗಳನ್ನು ಗರ್ಭಪಾತದ ಮೊದಲ ಔಷಧ ತೆಗೆದುಕೊಂಡ ದಿನದಿಂದಲೇ ಆರಂಭಿಸಲು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಅನುಮತಿಸುತ್ತದೆ. ಅಧಿಕ ರಕ್ತದೊತ್ತಡ, ಅರೆತಲೆನೋವು ಇರುವವರು, ಹೊಗೆಸೊಪ್ಪಿನ ಅಭ್ಯಾಸವಿರುವವರು ಮೊದಲು ವೈದ್ಯರನ್ನು ಕೇಳಬೇಕು. ಹಾರ್ಮೋನು ಬೇಡವೆನ್ನುವವರಿಗೆ ‘ಛಾಯಾ’ ಇದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ಈ ಮಾತ್ರೆ 1990ರ ದಶಕದ ಆರಂಭದಲ್ಲಿ ‘ಸಹೇಲಿ’ ಎಂಬ ಹೆಸರಿನಿಂದ ಬಂದಿತ್ತು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ನಂತರ ವಾರಕ್ಕೆ ಒಂದು.

‘ಅಂತರ’ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. 2017ರಿಂದ ಸರ್ಕಾರಿ ಕಾರ್ಯಕ್ರಮದಲ್ಲಿದೆ. ಬಿಟ್ಟ ಮೇಲೆ ಫಲವತ್ತತೆ ಮರಳಲು ಹಲವು ತಿಂಗಳು ಹಿಡಿಯಬಹುದಾದ್ದರಿಂದ ಬೇಗ ಮಗು ಬೇಕೆನ್ನುವವರು ಇದನ್ನು ಮೊದಲೇ ತಿಳಿದಿರಬೇಕು. ವಂಕಿ, ಎಂದರೆ ಕಾಪರ್-ಟಿ, ಮಾತ್ರ ಗರ್ಭಪಾತ ಪೂರ್ತಿಯಾಗಿದೆ ಮತ್ತು ನಂಜಿಲ್ಲ ಎಂದು ವೈದ್ಯರು ಖಚಿತಪಡಿಸಿಕೊಂಡ ಮೇಲೆ. ಹದಿನೈದನೇ ದಿನದ ಭೇಟಿ ಇದಕ್ಕೆ ಅನುಕೂಲ. ಒಂದು ಬಗೆ ಐದು ವರ್ಷ, ಇನ್ನೊಂದು ಹತ್ತು ವರ್ಷ ಕೆಲಸ ಮಾಡುತ್ತದೆ. ತೆಗೆಸಿದ ತಕ್ಷಣ ಫಲವತ್ತತೆ ಮರಳುತ್ತದೆ. ಆ ಹದಿನೈದು ದಿನ ನಿರೋಧ್ ಇರಲೇಬೇಕು.

ಶಾಶ್ವತ ಶಸ್ತ್ರಕ್ರಿಯೆಯನ್ನು ಗಾಬರಿಯ ದಿನಗಳಲ್ಲಿ ತೀರ್ಮಾನಿಸಬಾರದು. ಮಕ್ಕಳು ಸಾಕೆಂದು ನಿರ್ಧರಿಸಿದ ದಂಪತಿಗಳಲ್ಲಿ ಗಂಡನೇ ವಾಸೆಕ್ಟಮಿ ಮಾಡಿಸಿಕೊಂಡರೆ ಈಗಷ್ಟೇ ನೋವುಂಡ ಮೈಗೆ ಇನ್ನೊಂದು ಶಸ್ತ್ರಕ್ರಿಯೆ ತಪ್ಪುತ್ತದೆ. ಅದು ಫಲ ಕೊಡಲು ಮೂರು ತಿಂಗಳು ಬೇಕೆಂಬುದು ನೆನಪಿರಲಿ.

ಕಾನೂನಿನ ಮಾತೂ ಹೆಂಗಸರಿಗೆ ಗೊತ್ತಿರಬೇಕು. 2021ರ ತಿದ್ದುಪಡಿಯು ‘ಮದುವೆಯಾದ ಹೆಂಗಸು ಅಥವಾ ಆಕೆಯ ಗಂಡ’ ಎಂದಿದ್ದ ಕಡೆ ‘ಯಾವುದೇ ಹೆಂಗಸು ಅಥವಾ ಆಕೆಯ ಸಂಗಾತಿ’ ಎಂದು ಬದಲಿಸಿತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ಈ ಹಕ್ಕಿನಲ್ಲಿ ಮದುವೆಯಾದವರು, ಆಗದವರು ಎಂಬ ಭೇದ ಸಲ್ಲದೆಂದು ಸ್ಪಷ್ಟಪಡಿಸಿತು. ಹದಿನೆಂಟು ತುಂಬಿದವಳಿಗೆ ಆಕೆಯ ಒಪ್ಪಿಗೆ ಮಾತ್ರ ಸಾಕು. ಗಂಡನ ಸಹಿಯಾಗಲಿ ತಂದೆಯ ಸಹಿಯಾಗಲಿ ಬೇಕಿಲ್ಲ. ಆಕೆಯ ಹೆಸರನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ಅದೇ ವೇಳೆ, ಕಾಯ್ದೆಯ ಹೊರಗೆ ಮಾಡಿಸಿದ ಗರ್ಭಪಾತ 2024ರ ಜುಲೈಯಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅಪರಾಧವಾಗಿಯೇ ಉಳಿದಿದೆ. ಚೀಟಿಯಿಲ್ಲದೆ ಮಾತ್ರೆ ಕೊಳ್ಳುವವಳು ಆರೋಗ್ಯದ ಜೊತೆಗೆ ಕಾನೂನಿನ ರಕ್ಷಣೆಯನ್ನೂ ಬಿಟ್ಟುಕೊಡುತ್ತಾಳೆ.

ಕಮ್ಮನಹಳ್ಳಿಯಿಂದ ಶಿವಾಜಿನಗರದ ಘೋಷಾ ಆಸ್ಪತ್ರೆ ದೂರವಲ್ಲ. ಪರಪುರುಷರ ಎದುರು ಬಾರದ ಹೆಂಗಸರಿಗೂ ವೈದ್ಯರು ಸಿಗಲೆಂದು ಹಾಜಿ ಸರ್ ಇಸ್ಮಾಯಿಲ್ ಸೇಠ್ 1920ರ ದಶಕದಲ್ಲಿ ಕೊಟ್ಟ ದಾನದ ಫಲ ಅದು. ಹಲಸೂರಿನಲ್ಲಿ ಪಾಲಿಕೆಯ ರೆಫರಲ್ ಆಸ್ಪತ್ರೆ ಇದೆ, ಇಂದಿರಾನಗರದ ಕಡೆ ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆ ಇದೆ. ನಿರೋಧ್, ಮಾಲಾ-ಎನ್ ಆಶಾ ಕಾರ್ಯಕರ್ತೆಯರ ಬಳಿಯೂ ಸಿಗುತ್ತವೆ. ಮಾತ್ರೆಯನ್ನು ಆಗಲೇ ಅಂಗಡಿಯಿಂದ ತಂದು ನುಂಗಿದವಳೂ ಇಲ್ಲಿಗೆ ಬರಬಹುದು, ಬರಬೇಕು. ಬಂದವಳಿಗೆ ಏಕೆ ತೆಗೆಸಿದೆ ಎಂಬ ವಿಚಾರಣೆಯ ಬದಲು ಮುಂದಿನ ವಾರಕ್ಕೆ ಏನು ಬೇಕು ಎಂಬ ಪ್ರಶ್ನೆ ಎದುರಾದರೆ, ಮೊದಲ ಮುಟ್ಟಿಗೆ ಮುಂಚಿನ ಆ ಎರಡು ಮೂರು ವಾರಗಳನ್ನು ಆಕೆ ನಿಶ್ಚಿಂತೆಯಿಂದ ಕಳೆಯುತ್ತಾಳೆ.